ಕಪಾಟಿನ ಹಿಂದಿನ ಕಲ್ಲು

ಕಲ್ಲು ಒಡೆಯುವ ಯಲ್ಲಪ್ಪ ಕಾಕಾ ನಮ್ಮ ಶಾಲೆಯ ಗೋಡೆಯಿಂದ ನನ್ನ ಕಲ್ಲನ್ನು ಕಿತ್ತು ತೆಗೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಹಾಗೆ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು ಈಗಲೂ ಕೇಳುತ್ತದೆ. ಬೂದು ಬಣ್ಣದ ಪುಡಿ ಅವನ ಮೀಸೆಯ ಮೇಲೆ ಕೂತಿರುವುದು ಕಾಣುತ್ತದೆ. ಕಲ್ಲನ್ನು ಹೆಗಲಿಗೇರಿಸಿ, ಒಂದು ಕಡೆ ವಾಲಿಕೊಂಡು ಬಾಗಿಲು ದಾಟಿ ಬಂದ. ನಮ್ಮ ಸಾಮಾನು ಹೇರುತ್ತಿದ್ದ ಟೆಂಪೋದ ಪಕ್ಕ ಅದನ್ನು ಇಳಿಸಿದ. ನನ್ನತ್ತ ನೋಡದೆ ಹೊರಟುಹೋದ. ಇಷ್ಟೊಂದು ವಿವರ ತುಂಬಿಕೊಂಡು ಬರುವ ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮಗೆ ಮೊದಲು ಕಲಿಸಿದ್ದೇ, ಸಾಕ್ಷಿ ಹೇಳುವವನು ಆಗ ಎಲ್ಲಿ ನಿಂತಿದ್ದ ಎಂದು ಕೇಳುವುದನ್ನು. ನಾನು ಆವತ್ತು ಟೆಂಪೋದ ಮುಂದಿನ ಸೀಟಿನಲ್ಲಿ ಸೋದರಮಾವನ ಪಕ್ಕ ಕೂತಿದ್ದೆ. ಶಾಲೆ ನನ್ನ ಬೆನ್ನಿಗಿತ್ತು. ಒಳಗಿನ ಗೋಡೆಯನ್ನು ನಾನು ನೋಡಿದ್ದು ಹೇಗೆ? ಇದನ್ನು ಕೇಳಿಕೊಳ್ಳದೆ ನಾನು ನಲವತ್ತು ವರ್ಷ ಈ ಚಿತ್ರವನ್ನು ಇಟ್ಟುಕೊಂಡು ಬಂದೆ. ಈಗ ಕೇಳಿಕೊಳ್ಳಲೇಬೇಕಾಗಿದೆ. ಏಕೆಂದರೆ ಆ ಗೋಡೆಯಲ್ಲಿ ನನ್ನ ಕಲ್ಲು ಇತ್ತೋ ಇಲ್ಲವೋ ಎಂಬುದರ ಮೇಲೆ, ನಮ್ಮ ಮನೆಯಲ್ಲಿ ಯಾರು ಯಾರಿಗೆ ದ್ರೋಹ ಮಾಡಿದರು ಎಂಬುದು ನಿಂತಿದೆ.

ಆ ಶಾಲೆ ಪುಣೆಯಿಂದ ಸಾಸವಡಕ್ಕೆ ಹೋಗುವ ದಾರಿಯಲ್ಲಿ, ಘಾಟು ಹತ್ತಿದ ಮೇಲೆ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಬೋಳುಗುಡ್ಡದ ಬುಡದಲ್ಲಿತ್ತು. ಗುಡ್ಡದ ಒಂದು ಮಗ್ಗುಲನ್ನು ಖಾಣಿಯವರು, ಅಂದರೆ ಕಲ್ಲುಗಣಿಯವರು, ಆಗಲೇ ಕಡಿದು ಮುಗಿಸಿದ್ದರು. ಕಲ್ಲು ಒಡೆಯುವವರೆಲ್ಲ ಯಾದಗಿರಿ, ಕಲಬುರಗಿ ಕಡೆಯಿಂದ ಸಂಸಾರ ಸಮೇತ ಬಂದವರು. ಅವರ ಮಕ್ಕಳಿಗೆ ಕನ್ನಡ ಕಲಿಸಬೇಕೆಂದು ಪುಣೆಯ ಕೆಲವು ಕನ್ನಡಿಗರು ಒಂದು ಮಂಡಳಿ ಮಾಡಿಕೊಂಡು ಮಾಸ್ತರನನ್ನು ಹುಡುಕಿದರು. ಆಗ ಧಾರವಾಡದ ಕಡೆ ಕಾಯಂ ನೌಕರಿ ಸಿಗದೆ ಅಲೆಯುತ್ತಿದ್ದ ಅಪ್ಪ ಅವರ ಕೈಗೆ ಸಿಕ್ಕ. ಜಾಗವನ್ನು ಖಾಣಿಯ ಮಾಲೀಕ ಬಿಟ್ಟುಕೊಟ್ಟ, ಗೋಡೆಯನ್ನು ಕಲ್ಲು ಒಡೆಯುವವರೇ ಕಟ್ಟಿದರು, ತಗಡನ್ನು ಮಂಡಳಿ ಹೊದಿಸಿತು. ಒಂದೇ ಕೋಣೆ, ಒಂದೇ ಬಾಗಿಲು. ಮಾಸ್ತರನಿಗೆ ಬೇರೆ ಮನೆ ಎಲ್ಲಿಂದ ತರುವುದು? ಮಂಡಳಿಯವರು ದಾನವಾಗಿ ಬಂದ ಒಂದು ಕಬ್ಬಿಣದ ಕಪಾಟನ್ನು ಕಳಿಸಿಕೊಟ್ಟರು. ಅದನ್ನು ಗೋಡೆಗೆ ಅಡ್ಡಲಾಗಿ ನಿಲ್ಲಿಸಿ, ಅದರ ಇನ್ನೊಂದು ತುದಿಯಿಂದ ಎದುರು ಗೋಡೆಯವರೆಗೆ ಅವ್ವನ ಹಳೆಯ ಇಳಕಲ್ ಸೀರೆಯನ್ನು ಕಟ್ಟಿದರು. ಕಪಾಟಿನ ಆಚೆ ಶಾಲೆ, ಈಚೆ ಮನೆ.

ಈಚೆ ಅಂದರೆ ಒಂದು ಒಲೆ, ನೀರಿನ ಹಂಡೆ, ಬೀಸುವ ಕಲ್ಲು, ಸುತ್ತಿಟ್ಟ ಹಾಸಿಗೆಗಳು, ದೇವರ ಫೋಟೋಗಳ ಹಲಗೆ. ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವುದರೊಳಗೆ ಅವ್ವ ಒಗ್ಗರಣೆ ಹಾಕಿ ಮುಗಿಸಿರಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ಉಪವಾಸ ಬಂದ ಮಕ್ಕಳಿಗೆ ಒಗ್ಗರಣೆಯ ವಾಸನೆ ಬಡಿಯಬಾರದು. ಗಂಟೆ ಅಂದರೆ ಖಾಣಿಯಲ್ಲಿ ಮುರಿದು ಬಿದ್ದ ಒಂದು ಸಲಾಕಿ. ಅದನ್ನು ಬಾಗಿಲ ಮುಂದಿನ ಬೇವಿಗೆ ನೇತುಹಾಕಿತ್ತು. ಅದು ಬಾರಿಸಿದ ಕ್ಷಣದಿಂದ ಅವ್ವ ಪಾತ್ರೆ ಸದ್ದು ಮಾಡುವಂತಿರಲಿಲ್ಲ, ಕೆಮ್ಮಿದರೆ ಸೆರಗಿನಲ್ಲಿ ಕೆಮ್ಮಬೇಕು. ನಾನು ಸೀರೆಯ ಪರದೆ ಸರಿಸಿ ಆಚೆ ಹೋಗಿ ಮೊದಲ ಸಾಲಿನಲ್ಲಿ ಕೂತರೆ ಅಪ್ಪ ನನಗೂ ಗುರುಗಳೇ. ಒಮ್ಮೆ ಮರೆತು ಅಪ್ಪಾ ಎಂದು ಕರೆದದ್ದಕ್ಕೆ ಎದ್ದು ನಿಲ್ಲಿಸಿ, ಇಲ್ಲಿ ಯಾರ ಅಪ್ಪನೂ ಇಲ್ಲ ಅಂದ. ಮಕ್ಕಳೆಲ್ಲ ನಕ್ಕರು. ನನಗೆ ಅವಮಾನವಾಗಲಿಲ್ಲ, ಹೆಮ್ಮೆಯಾಯಿತು. ಇಷ್ಟು ನ್ಯಾಯವಾದ ಮನುಷ್ಯ ನಮ್ಮಪ್ಪ ಎಂದು.

ಸಂಜೆ ಎಲ್ಲ ತಿರುವುಮುರುವಾಗುತ್ತಿತ್ತು. ಮಕ್ಕಳು ಬರೆಯುವ ಕಲ್ಲಿನ ಪಾಟಿಗಳನ್ನು ಕಪಾಟಿನಲ್ಲಿ ಜೋಡಿಸಿ, ಚಾಪೆ ಝಾಡಿಸಿ, ಪರದೆಯನ್ನು ಮೇಲೆ ಎತ್ತಿ ಕಟ್ಟಿದರೆ ಶಾಲೆ ನಮ್ಮ ಪಡಸಾಲೆಯಾಗುತ್ತಿತ್ತು. ಊಟಕ್ಕೆ ನಾವು ಕರಿಹಲಗೆಯ ಮುಂದೆಯೇ ಕೂಡುತ್ತಿದ್ದೆವು. ಆ ದಿನ ಬರೆದ ಲೆಕ್ಕವನ್ನು ಅಪ್ಪ ಊಟ ಮುಗಿಯುವವರೆಗೆ ಅಳಿಸುತ್ತಿರಲಿಲ್ಲ. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಎದುರಿಗೆ ಭಾಗಾಕಾರ. ಹಲಗೆಯ ಕಪ್ಪು ಮಾಸಿದಾಗ ಅವ್ವ ಒಲೆಯ ಇದ್ದಿಲು ಅರೆದು ಕೊಡುತ್ತಿದ್ದಳು. ಬೇಲಿಯ ತೊಂಡೆ ಎಲೆ ತಂದು ಅದರ ರಸದಲ್ಲಿ ಕಲಸಿ ಹಚ್ಚುತ್ತಿದ್ದವನು ನಾನು. ಎರಡು ದಿನ ನಮ್ಮ ಊಟಕ್ಕೆಲ್ಲ ಹಸಿರು ಕಹಿ ವಾಸನೆ. ಖಾಣಿಯಲ್ಲಿ ಮದ್ದು ಸಿಡಿಸುವ ಹೊತ್ತಿಗೆ ಕೂಗು ಹಾಕುತ್ತಿದ್ದರು. ಆಗ ಗುಡಿಸಲುಗಳಲ್ಲಿದ್ದ ಹೆಂಗಸರೆಲ್ಲ ಕೂಸುಗಳನ್ನು ಎತ್ತಿಕೊಂಡು ನಮ್ಮ ಕೋಣೆಗೆ ಓಡಿ ಬರುತ್ತಿದ್ದರು, ಅದೊಂದೇ ಗಟ್ಟಿ ಗೋಡೆಯ ಜಾಗವಾದ್ದರಿಂದ. ಪರದೆಯ ಈಚೆಗೂ ಆಚೆಗೂ ಜನ. ಅವ್ವ ಅವರ ನಡುವೆ ಕೂತು ಯಾರದೋ ಮಗುವಿನ ಕಿವಿಗೆ ಅಂಗೈ ಒತ್ತಿ ಹಿಡಿದಿರುತ್ತಿದ್ದಳು. ತಗಡಿನ ಮೇಲೆ ಕಲ್ಲಿನ ಚೂರು ಸುರಿದು ನಿಂತಮೇಲೆ ನಗು, ಮಾತು, ಒಂದೊಂದು ಗುಟುಕು ಚಹಾ. ಆ ಹೆಂಗಸರು ಅವ್ವನನ್ನು ಮಾಸ್ತರ್ತಿ ಎನ್ನುತ್ತಿದ್ದರು. ಅವಳಿಗೆ ಅಲ್ಲಿ ಬೇರೆ ಗೆಳತಿಯರಿರಲಿಲ್ಲ.

ಇನ್ನು ಕಲ್ಲಿನ ಸಂಗತಿ. ಗೋಡೆ ಕಟ್ಟುವಾಗ ಯಲ್ಲಪ್ಪ ಕಾಕಾ ಒಂದು ಯುಕ್ತಿ ಮಾಡಿದ್ದ. ಅವನೇ ಅಲ್ಲಿಯ ಹಿರಿಯ ಕೆಲಸಗಾರ, ನನ್ನ ಓರಗೆಯ ಹುಲಿಗೆವ್ವನ ತಂದೆ. ಒಳಗಿನ ಗೋಡೆಯಲ್ಲಿ, ಕೂತ ಮಗುವಿನ ಹೆಗಲೆತ್ತರಕ್ಕೆ, ಸುತ್ತಲೂ ಒಂದು ಸಾಲು ಗೂಡುಗಳನ್ನು ಬಿಟ್ಟು ಕಟ್ಟಿದ. ಒಂದು ಗೂಡಿಗೆ ಒಂದು ಕಲ್ಲು ಹಿಡಿಯುವಷ್ಟು. ದಸರೆಯ ಖಂಡೇನವಮಿಯ ದಿನ ಅವರು ಉಳಿ, ಸುತ್ತಿಗೆ, ಸಲಾಕಿಗಳನ್ನು ತೊಳೆದು ಕುಂಕುಮ ಹಚ್ಚಿ ಪೂಜೆ ಮಾಡುವಾಗ, ಆ ವರ್ಷ ಶಾಲೆಗೆ ಸೇರಿದ ಮಗುವಿನ ಕೈಯಲ್ಲಿ ಉಳಿ ಕೊಟ್ಟು ಹದ ಮಾಡಿದ ಕಲ್ಲಿನ ಮೇಲೆ ಮೊದಲ ಏಟು ಹಾಕಿಸುತ್ತಿದ್ದರು. ಮಿಕ್ಕದ್ದನ್ನು ತಂದೆ ಕೆತ್ತುತ್ತಿದ್ದ, ಮಗುವಿನ ಹೆಸರಿನ ಮೊದಲ ಅಕ್ಷರ. ಆ ಅಕ್ಷರವನ್ನು ಅಪ್ಪ ಸುಣ್ಣದ ಕಡ್ಡಿಯಿಂದ ಬರೆದುಕೊಡುತ್ತಿದ್ದ, ಏಕೆಂದರೆ ತಂದೆಗೆ ಓದು ಬರುತ್ತಿರಲಿಲ್ಲ. ಆಮೇಲೆ ಅಕ್ಷರ ಕೋಣೆಯ ಕಡೆ ಕಾಣುವಂತೆ ಕಲ್ಲನ್ನು ಗೂಡಿನಲ್ಲಿ ಕೂಡಿಸಿ ಗಾರೆ ಮೆತ್ತುತ್ತಿದ್ದರು. ಅಂದಿನಿಂದ ಆ ಮಗು ಆ ಶಾಲೆಯದು. ಯಾವ ಸರಕಾರಕ್ಕೂ ಗೊತ್ತಿಲ್ಲದ ಶಾಲೆಗೆ ಅದೇ ದಾಖಲೆ. ಹುಲಿಗೆವ್ವನ ಕಲ್ಲು ಕಿಟಕಿಯ ಕೆಳಗಿತ್ತು. ಅವಳು ಮಗ್ಗಿ ಮರೆತಾಗಲೆಲ್ಲ ಅದರ ಮೇಲೆ ಬೆರಳಾಡಿಸುತ್ತಿದ್ದಳು.

ನನ್ನ ಕಲ್ಲು ಯಾವಾಗ ಎಂದು ಕೇಳಿದವರಿಗೆ ಅಪ್ಪ ಒಂದೇ ಉತ್ತರ ಕೊಡುತ್ತಿದ್ದ. ಎಲ್ಲರ ಮಕ್ಕಳದೂ ಆಗಲಿ, ಕಡೆಗೆ ಮಾಸ್ತರನ ಮಗನದು. ಜನ ಕೈ ಮುಗಿಯುತ್ತಿದ್ದರು. ನನಗೆ ಮಾತ್ರ ತಡೆಯುತ್ತಿರಲಿಲ್ಲ. ಒಂದು ದಸರೆ ಕಳೆದು ಕೆಲವು ತಿಂಗಳಾದ ಮೇಲೆ ಊಟದ ಹೊತ್ತಿಗೆ ಹಠ ಹಿಡಿದೆ. ಅಪ್ಪ ರೊಟ್ಟಿ ಮುರಿಯುತ್ತ ಹೇಳಿದ:

"ನಿಂದು ಆಗ್ಯದಲ್ಲೋ. ಹೋದ ಖಂಡೇಪೂಜಿಗೆ ಕೂಡಿಸೇವಿ. ನಿನಗ ಜ್ವರಾ ಬಂದು ಮೈಮ್ಯಾಲ ಖಬರಿದ್ದಿಲ್ಲ. ಕಪಾಟಿನ ಹಿಂದ ಅದ ನೋಡು. ಯಾರ ಮುಂದೂ ಹೇಳಬ್ಯಾಡ, ಮಾಸ್ತರ ತನ್ನ ಮಗಂದು ಮುಂದ ಮಾಡ್ಯಾನ ಅಂತಾರ."

ಆ ದಸರೆಗೆ ನನಗೆ ಜ್ವರ ಬಂದದ್ದು ನಿಜ. ಅಪ್ಪ ಹೇಳಿದ ಮೇಲೆ ಜ್ವರದೊಳಗಿಂದ ಒಂದೊಂದೇ ಚಿತ್ರ ಎದ್ದು ಬಂತು. ಯಾರೋ ನನ್ನನ್ನು ಎತ್ತಿಕೊಂಡದ್ದು, ತಣ್ಣನೆಯ ಉಳಿ ಕೈಗೆ ತಾಗಿದ್ದು. ಇವು ಮೊದಲೇ ಇದ್ದವೋ ಆ ಮಾತಿನಿಂದ ಹುಟ್ಟಿದವೋ, ಈಗ ಹೇಳುವುದು ಕಷ್ಟ. ಕಪಾಟಿನ ತುದಿ ಗೋಡೆಗೆ ಒತ್ತಿ ನಿಂತಿತ್ತು, ಒಳಗೆ ಪಾಟಿ ಪುಸ್ತಕಗಳ ಭಾರ. ಸರಿಸಿ ನೋಡುವುದು ಆಗದ ಮಾತು. ಸಂದಿಯಲ್ಲಿ ಕಣ್ಣಿಟ್ಟರೆ ಬರೀ ಕತ್ತಲೆ. ಒಮ್ಮೆ ಕಸಬರಿಗೆಯ ಕಡ್ಡಿಯನ್ನು ತೂರಿಸಿ ನನ್ನ ಅಕ್ಷರದ ಗೀರು ಸಿಗುತ್ತದೋ ಎಂದು ಹುಡುಕಿದೆ. ಕಡ್ಡಿ ನಾನು ಅಂದುಕೊಂಡದ್ದಕ್ಕಿಂತ ಒಳಗೆ ಹೋಯಿತು. ಕಲ್ಲು ಸ್ವಲ್ಪ ಒಳಗೆ ಕೂತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಗುಟ್ಟಿನ ಕಲ್ಲು ನನ್ನದು, ಮನೆಗೂ ಶಾಲೆಗೂ ನಡುವೆ ಇರುವಂಥದ್ದು. ರಾತ್ರಿ ಆ ಕಡೆ ತಲೆ ಮಾಡಿ ಮಲಗುತ್ತಿದ್ದೆ.

ಅಪ್ಪ ಅವ್ವ ಜಗಳವಾಡದೆ ಇರುತ್ತಿದ್ದರು ಎಂದಲ್ಲ. ಅವಳ ಬದಿಗೆ ಕಿಟಕಿ ಇಲ್ಲ ಎಂದು ಜಗಳವಾಯಿತು. ಪಂಢರಪುರಕ್ಕೆ ಹೋಗುವ ಪಾಲಖಿಯ ಮೆರವಣಿಗೆ ಸಾಸವಡದಲ್ಲಿ ಇಳಿದಾಗ ಅವಳನ್ನು ದರ್ಶನಕ್ಕೆ ಕರೆದೊಯ್ಯುತ್ತೇನೆಂದು ಹೇಳಿ ಅಪ್ಪ ಪ್ರತಿ ವರ್ಷ ಮರೆಯುತ್ತಿದ್ದುದಕ್ಕೆ ಜಗಳವಾಯಿತು. ಅವಳು ಖಾಣಿಯ ಹೆಂಗಸರಿಂದ ಪುಂಡಿಪಲ್ಯ ಈಸಿಕೊಂಡು ಬಂದದ್ದಕ್ಕೆ ಒಂದು ದೊಡ್ಡ ಜಗಳವೇ ಆಯಿತು. ಶಾಲೆಯಲ್ಲಿ ಎಲ್ಲರೂ ಒಂದೇ ಎನ್ನುತ್ತಿದ್ದ ಅಪ್ಪ ಪರದೆಯ ಈಚೆ ಆ ಪಲ್ಯವನ್ನು ಮುಟ್ಟಲಿಲ್ಲ. ನನ್ನ ಓದಿನ ಬಗ್ಗೆ ಅವರಿಬ್ಬರೂ ಜಗಳವಾಡಿದ್ದು ನೆನಪಿಲ್ಲ. ನೆನಪಿಲ್ಲ ಎಂಬುದು ಪುರಾವೆಯೇನೂ ಅಲ್ಲ. ಆದರೆ ಒಂದು ನೆನಪಿದೆ: ಪುಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಸೋದರಮಾವ ಕೆಲವು ರವಿವಾರ ಬರುತ್ತಿದ್ದ. ಊಟವಾದ ಮೇಲೆ ಅಪ್ಪ ಅವನನ್ನು ಕರೆದುಕೊಂಡು ಗುಡ್ಡದ ಕಡೆ ಹೋಗುತ್ತಿದ್ದ. ಅವ್ವನ ಸ್ವಂತ ತಮ್ಮ. ಆದರೂ ಮಾತೆಲ್ಲ ಅಪ್ಪನ ಜೊತೆಗೇ. ಮಾವ ತಂದಿದ್ದ ಇಂಗ್ಲಿಷ್ ಚಿತ್ರಪುಸ್ತಕ ಕಪಾಟಿನ ನೆತ್ತಿಯ ಮೇಲೆ, ಮಕ್ಕಳ ಕಣ್ಣಿಗೆ ಬೀಳದಂತೆ ಇರುತ್ತಿತ್ತು.

ಖಾಣಿಯ ಜನರಿಗೆ ಅಪ್ಪ ಕೊಟ್ಟಿದ್ದ ಮಾತು ಬೇರೆ. ಶಾಲೆಗೆ ಮಾನ್ಯತೆ ಬರುತ್ತದೆ, ಏಳನೇ ತರಗತಿಯವರೆಗೆ ಬೆಳೆಯುತ್ತದೆ, ನಿಮ್ಮ ಮಕ್ಕಳು ತಮ್ಮ ಭಾಷೆಯಲ್ಲಿ ಕಲಿತರೆ ಸಾಕು, ಯಾರ ಮುಂದೂ ತಲೆ ತಗ್ಗಿಸಬೇಕಾಗಿಲ್ಲ. ಕೆಲವರು ಮಕ್ಕಳನ್ನು ಊರಿನ ಮರಾಠಿ ಶಾಲೆಗೆ ಹಾಕಲು ಹೊರಟಾಗ ಅವರ ಗುಡಿಸಲಿಗೇ ಹೋಗಿ ತಿರುಗಿ ಕರೆತಂದಿದ್ದ. ಯಲ್ಲಪ್ಪ ಕಾಕಾ ಹುಲಿಗೆವ್ವನನ್ನು ಉಳಿಸಿಕೊಂಡದ್ದು ಆ ಮಾತಿನ ಮೇಲೆಯೇ.

ಹೀಗಿರುವಾಗ ಒಂದು ಸಂಜೆ ಅವನು ಖಾಣಿಯಿಂದ ನೇರವಾಗಿ, ಮೈಮೇಲಿನ ಪುಡಿ ಸಮೇತ ಬಂದು ಹೊಸ್ತಿಲ ಮೇಲೆ ಕೂತ. ಶಾಲೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಪರದೆ ಇನ್ನೂ ಇಳಿಬಿದ್ದಿತ್ತು. ಈಚೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತಿದ್ದೆ. ಈ ಮಾತುಗಳ ಬಗ್ಗೆ ನನಗೆ ಅಷ್ಟು ಸಂದೇಹವಿಲ್ಲ, ಅವ್ವನೂ ಇವನ್ನೇ ಹೇಳುತ್ತಾಳೆ.

"ಮಾಸ್ತರ್ರ, ನಮ್ಮ ಕೂಲಿ ಮಂದಿ ಮ್ಯಾಲಿನ ಮುಕಾದಮ ಏನೋ ಅಂದಾ. ನಿಮ್ಮ ಶಾಮಣ್ಣಗ ಪುಣೇದಾಗ ಇಂಗ್ಲೀಷ ಸಾಲಿಗಿ ಹಾಕ್ತೀರಂತ. ಖರೇ ಏನ್ರಿ?"

ಅಪ್ಪ ಪಾಟಿಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದ, ಯಲ್ಲಪ್ಪ ಕಾಕಾನೇ ಮುಂದುವರಿಸಿದ.

"ನಮ್ಮ ಪೋರಗೋಳಿಗಿ ಕನ್ನಡ ಸಾಲಿ ಸಾಕು ಅಂದ್ರಿ. ನಾವು ಹೂಂ ಅಂದೇವು. ನಿಮ್ಮ ಮಗಗ ಯಾಕ್ರಿ ಸಾಲವಲ್ದು?"

"ನಂದೇನಿಲ್ಲೋ ಯಲ್ಲಪ್ಪ. ನಾ ಇಲ್ಲೇ ಕಲೀಲಿ ಅಂದೆ. ಅವರವ್ವ ಹಠಾ ಹಿಡದು ಕೂತಾಳ. ಹೆಣ್ಮಕ್ಕಳು, ಅಕೀ ತಮ್ಮನೂ ಕಿವಿ ಊದತಾನ. ದಿನಾ ರಂಪ. ನಾ ಏನ ಮಾಡ್ಲಿ ಹೇಳು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವನ ಅಂಗೈ ಹಿಟ್ಟಿನ ಮೇಲೆ ಹಾಗೇ ಇತ್ತು. ಅವಳು ಎದ್ದು ಪರದೆ ಸರಿಸುತ್ತಾಳೆ ಅಂದುಕೊಂಡೆ. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಆಮೇಲೆ ಮತ್ತೆ ಬಡಿಯಲು ಶುರು ಮಾಡಿದಳು, ಮೊದಲಿಗಿಂತ ಮೆಲ್ಲಗೆ. ಹಂಚಿನ ಮೇಲಿದ್ದ ರೊಟ್ಟಿ ಸೀದಿತು. ಸೀರೆಯ ಹರಕಿನಿಂದ ನನಗೆ ಯಲ್ಲಪ್ಪ ಕಾಕಾ ಕಾಣುತ್ತಿದ್ದ. ಗೋಡೆಗೆ ಕೈ ಊರಿ ಎದ್ದ. ಹೋಗುವ ಮೊದಲು ಕಪಾಟಿನ ಕಡೆ ತುಸು ಹೊತ್ತು ನೋಡಿದ. ಅದರ ಹಿಂದಿರುವ ಅವ್ವನನ್ನು ಉದ್ದೇಶಿಸಿ ನೋಡಿದ ಎಂದು ನಾನು ಆಗ ತಿಳಿದೆ.

ಮರುದಿನದಿಂದ ಮದ್ದು ಸಿಡಿಸುವ ಕೂಗು ಬಿದ್ದರೂ ಹೆಂಗಸರು ನಮ್ಮ ಕೋಣೆಗೆ ಬರುವುದು ಕಡಿಮೆಯಾಯಿತು. ಬಂದವರು ಶಾಲೆಯ ಬದಿಗೇ ನಿಂತು, ಸದ್ದು ನಿಂತ ಕೂಡಲೇ ಹೊರಟುಬಿಡುತ್ತಿದ್ದರು. ಅವ್ವ ಚಹಾಕ್ಕೆ ಇಟ್ಟ ನೀರನ್ನು ಇಳಿಸಿ ಬದಿಗಿಟ್ಟದ್ದು ನೋಡಿದ್ದೇನೆ. ಹುಲಿಗೆವ್ವ ನನ್ನ ಪಕ್ಕದಿಂದ ಎದ್ದು ಹಿಂದಿನ ಸಾಲಿಗೆ ಹೋದಳು. ನೀರು ತರುವ ದಾರಿಯಲ್ಲಿ ಎದುರಾದಾಗ ಅವಳು ಅಂದದ್ದು:

"ನಿಮ್ಮವ್ವಗ ನಮ್ಮ ಮೈ ನಾರ್ತದಂತಲ್ಲ. ಅದಕ್ಕ ನಿನಗ ಪುಣೇಕ ಕಳಸ್ತಾಳಂತ."

ನಾನು ಮನೆಗೆ ಬಂದು ಅವ್ವನ ಜೊತೆ ಮಾತು ಬಿಟ್ಟೆ. ಅಪ್ಪನ ಜೊತೆ ಬಿಡಲಿಲ್ಲ. ಅವನು ಪಾಪ, ಅವನ ಕೈಯಲ್ಲೇನಿದೆ?

ಮುಂದಿನದು ಬೇಗ ಮುಗಿಯಿತು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಕೆಲವರು ಮರಾಠಿ ಶಾಲೆಗೆ ಹೋದರು, ಕೆಲವರು ಖಾಣಿಗೆ. ಹುಲಿಗೆವ್ವ ಖಾಣಿಗೆ ಹೋದಳು. ಅಪ್ಪ ಮಂಡಳಿಯವರ ಮುಂದೆ, ಈ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ, ಎಷ್ಟು ಕರೆದರೂ ಬರುವುದಿಲ್ಲ ಎಂದು ಹೇಳಿದ. ಅವರು ಅವನನ್ನು ಹೊಗಳಿ, ಪುಣೆಯಲ್ಲಿ ಒಂದು ಕಚೇರಿಯ ಕೆಲಸ ಹುಡುಕಿಕೊಟ್ಟರು. ನಾವು ಟೆಂಪೋ ಹತ್ತಿದೆವು. ಕಪಾಟು ಮಂಡಳಿಯದಾದ್ದರಿಂದ ಅಲ್ಲಿಯೇ ಉಳಿಯಿತು. ಶಾಲೆ ಮತ್ತೆ ತೆರೆಯಲಿಲ್ಲ.

ಪುಣೆಯ ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಆಮೇಲೆ ಒಂದಾದ ಮೇಲೊಂದು ಹಿಡಿದು ಬಿಟ್ಟ ಕೆಲಸಗಳು, ಅವುಗಳ ಕಥೆ ಇಲ್ಲಿ ಬೇಡ. ಎಲ್ಲಿ ಹೋದರೂ ನಾನು ಒಂದು ಕಥೆಯನ್ನು ಹೇಳುತ್ತಿದ್ದೆ. ಆದರ್ಶವಾದಿ ಮಾಸ್ತರ, ಹಠಮಾರಿ ಹೆಂಡತಿ. ಅವಳ ಹಠ ಗೆದ್ದಿತು, ನಾನು ಓದಿದೆ, ಶಾಲೆ ಸತ್ತಿತು. ಕಥೆಯ ಕೊನೆಗೆ ಯಲ್ಲಪ್ಪ ಕಾಕಾ ಗೋಡೆಯಿಂದ ನನ್ನ ಕಲ್ಲು ಕಿತ್ತು ತಂದು ಟೆಂಪೋದ ಪಕ್ಕ ಹಾಕುತ್ತಿದ್ದ. ಅಪ್ಪ ಬದುಕಿದ್ದಾಗಲೂ ಅವನ ಎದುರಿಗೆ ಇದನ್ನು ಹೇಳಿದ್ದೇನೆ. ಅವನು ಅಡ್ಡಿಪಡಿಸಲಿಲ್ಲ. ಕಲ್ಲಿನ ಮಾತು ಬಂದಾಗ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಳ್ಳುತ್ತಿದ್ದ. ದುಃಖ ಎಂದು ಅರ್ಥ ಮಾಡಿಕೊಂಡಿದ್ದೆ.

ಅಪ್ಪ ಹೋದ ಮೇಲೆ ಅವ್ವ ಪುಣೆಯ ಮಗರಪಟ್ಟಾದ ನಮ್ಮ ಫ್ಲ್ಯಾಟಿನಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಮನೆಗೆ ಬಂದಿದ್ದ ಒಬ್ಬ ಗೆಳೆಯನಿಗೆ ನಾನು ಮತ್ತೆ ಆ ಕಥೆ ಹೇಳಿದೆ. ಅವನು ಅವ್ವನ ಕಡೆ ತಿರುಗಿ, ಆಜಿ, ತುಮಚಾ ಹಟ್ಟ ಚಾಂಗಲಾ ಹೋತಾ, ನಿಮ್ಮ ಹಠ ಒಳ್ಳೆಯದೇ ಆಗಿತ್ತು ಎಂದು ಮೆಚ್ಚಿಕೊಂಡ. ಅವ್ವ ನಕ್ಕಳು. ಅವನು ಹೋದಮೇಲೆ ಬಾಲ್ಕನಿಯಲ್ಲಿ ಕೂತು ಶೇಂಗಾ ಸುಲಿಯುತ್ತ, ನನ್ನನ್ನು ಕರೆದಳು.

"ಶಾಮ್ಯಾ, ಇನ್ನ ಆ ಕಥಿ ಸಾಕ ಮಾಡು. ನನ್ನ ಹಠಾ ಅಲ್ಲದು."

"ಮತ್ತ ಯಾರದು? ಅಪ್ಪ ಯಲ್ಲಪ್ಪ ಕಾಕಾನ ಮುಂದ ಅಂದದ್ದು ನಾನೂ ಕೇಳೇನಿ, ನೀನೂ ಕೇಳೀದಿ."

"ಅಂದ್ರು. ಅವರಿಗೆ ಮಂದಿ ಮುಂದ ಮಾರಿ ಉಳೀಬೇಕಿತ್ತು. ರೊಟ್ಟಿ ಬಡಿಯೋಕಿ ಮಾರಿ ಯಾರು ನೋಡ್ತಾರ." ಅವಳು ಒಂದು ಕಾಯಿ ಒಡೆದಳು. "ಸಾಲಿ ಚಾಲೂ ಆಗೂಕಿಂತ ಮೊದಲ ನಿಮ್ಮ ಮಾಮಾನ ಕೂಡ ಮಾತಾಗಿತ್ತು. ಓದು ಬರಿ ಬರೂತನಕ ಹುಡುಗ ಅಲ್ಲಿರ್ಲಿ, ಆಮ್ಯಾಲ ಪುಣೇಕ ಅಂತ. ಅದಕ್ಕ ನಿನ್ನ ಕಲ್ಲು ಕೂಡಿಸಗೊಡಲಿಲ್ಲ. ಯಲ್ಲಪ್ಪ ಎಷ್ಟ ಸಲ ಕೇಳಿದಾ."

"ಕೂಡಿಸಿದ್ರು. ನನಗ ಜ್ವರಾ ಬಂದಿತ್ತು. ಹೋಗೂ ದಿನ ಅಂವ ಅದನ್ನ ಕಿತ್ತು ತಂದದ್ದು ನಾ ನೋಡೇನಿ."

"ಏನ ನೋಡಿದ್ಯೋ. ಅಂವ ಹೊತ್ತು ತಂದದ್ದು ನನ್ನ ಬೀಸುಕಲ್ಲು. ಹಲ್ಲು ಸವದಿದ್ವು. ಕಡೀ ದಿನ ಒಳಗ ಬಂದು ಕೂತು, ಉಳಿ ಹಿಡದು ಹೊಸಾದು ಮಾಡಿಕೊಟ್ಟಾ. ಒಂದ ಮ್ಯಾಲೊಂದು ಎರಡೂ ತಾನ ಹೊತ್ತು ಟೆಂಪೋಕ್ಕ ತಂದಾ. ತಗೋರಿ ಮಾಸ್ತರ್ತಿ ಅಂದಾ. ಅಷ್ಟ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರಿಗೆ ಹೇಳ್ಲಿ? ನಿನಗ? ನೀ ಅವರ ಹಂಗ ಮಾತಾಡ್ತಿದ್ದಿ."

ನಾನು ಅವಳನ್ನು ನಂಬಲಿಲ್ಲ. ನಂಬಬಾರದೆಂಬ ಆಸೆಯೂ ಇತ್ತು. ಗಂಡ ಹೋದಮೇಲೆ ಹೆಂಡತಿ ಹಳೆಯ ಲೆಕ್ಕ ತಿದ್ದುವುದುಂಟು. ವಯಸ್ಸಾದವರ ನೆನಪು ನನ್ನದರಷ್ಟೇ ಜಾರುವಂಥದ್ದು. ಮಾವ ಬದುಕಿಲ್ಲ. ಯಲ್ಲಪ್ಪ ಕಾಕಾ ಊರಿಗೆ ಹೋಗಿ ಅಲ್ಲಿಯೇ ತೀರಿಕೊಂಡನೆಂದು ಎಂದೋ ಕೇಳಿದ್ದೆ. ಹುಲಿಗೆವ್ವ ಎಲ್ಲಿದ್ದಾಳೋ ಗೊತ್ತಿಲ್ಲ. ಹಾಗಾಗಿ ವಾದ ಇಷ್ಟಕ್ಕೆ ಬಂದು ನಿಂತಿತು. ಕಲ್ಲನ್ನು ಕೂಡಿಸಿ ಆಮೇಲೆ ಕಿತ್ತಿದ್ದರೆ, ಅಪ್ಪ ನನ್ನನ್ನು ಆ ಶಾಲೆಗೆ ನಿಜವಾಗಿ ಒಪ್ಪಿಸಿದ್ದ, ಮನಸ್ಸು ಬದಲಾದದ್ದು ನಂತರ. ಆಗ ಅವ್ವನ ಹಠದ ಮಾತಿಗೆ ಜಾಗವಿದೆ. ಕಲ್ಲನ್ನು ಕೂಡಿಸಿಯೇ ಇಲ್ಲವಾದರೆ, ಊಟದ ಹೊತ್ತಿನಲ್ಲಿ ನನ್ನ ಮುಖ ನೋಡಿಕೊಂಡು ಅವನು ಸುಳ್ಳು ಹೇಳಿದ್ದ. ಗುಡಿಸಲು ಗುಡಿಸಲಿಗೆ ಹೋಗಿ ಮಕ್ಕಳನ್ನು ತಿರುಗಿ ಕರೆತರುವಾಗಲೂ ನನ್ನನ್ನು ಎಲ್ಲಿಗೆ ಕಳಿಸುವುದೆಂದು ಅವನಿಗೆ ಗೊತ್ತಿತ್ತು. ಕಡೆಗೆ ಮಾಸ್ತರನ ಮಗನದು ಎಂಬ ಆ ವಿನಯಕ್ಕೆ ಜನ ಕೈ ಮುಗಿದದ್ದೂ ವ್ಯರ್ಥ. ಮತ್ತು ಆ ಗುಡ್ಡದ ಬುಡದಲ್ಲಿ ಅವ್ವನಿಗಿದ್ದ ನಾಲ್ಕು ಗೆಳತಿಯರನ್ನು ಅವನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದ, ತನ್ನ ಮಾನ ಉಳಿಸಿಕೊಳ್ಳುವುದಕ್ಕೆ. ಇದನ್ನು ಅವ್ವನ ಮಾತಿನ ಮೇಲೂ ತೀರ್ಮಾನಿಸುವಂತಿರಲಿಲ್ಲ, ನನ್ನ ಕಣ್ಣಿನ ಮೇಲೂ ಅಲ್ಲ. ಉಳಿದದ್ದು ಗೋಡೆ ಮಾತ್ರ.

ಮಳೆಗಾಲ ಮುಗಿದ ಮೇಲೆ ಹೋದೆ. ಅವ್ವನಿಗೆ ಹೇಳಲಿಲ್ಲ. ಗುಡ್ಡ ಇರಲಿಲ್ಲ, ಅದಿದ್ದ ಕಡೆ ನೀರು ತುಂಬಿದ ಹಳ್ಳವಿತ್ತು. ಗುಡಿಸಲುಗಳಿದ್ದ ಬಯಲಿನಲ್ಲಿ ಮದುವೆಗೆ ಬಾಡಿಗೆ ಕೊಡುವ ಹುಲ್ಲುಹಾಸು, ಕಮಾನು, ದೀಪದ ಕಂಬಗಳು. ಅದರ ಹಿಂದೆ ತಗಡು ಬದಲಾದ ನಮ್ಮ ಕೋಣೆ ನಿಂತಿತ್ತು. ಕಾವಲುಗಾರ ಕೋಣ್ ಪಾಹಿಜೆ, ಯಾರು ಬೇಕು ಎಂದು ಕೇಳಿದ. ಇದು ಮೊದಲು ನಮ್ಮ ಶಾಲೆಯಾಗಿತ್ತು, ಮನೆಯೂ ಆಗಿತ್ತು ಎಂದು ಮರಾಠಿಯಲ್ಲಿ ಹೇಳಿದೆ. ಅವನಿಗೆ ಅದರಲ್ಲಿ ಆಸಕ್ತಿ ಕಾಣಲಿಲ್ಲ. ಒಳಗೆ ಬರೀ ಖುರ್ಚಿಗಳಿವೆ, ಬೇಗ ನೋಡಿಕೊಂಡು ಬನ್ನಿ ಅಂದ.

ಪ್ಲಾಸ್ಟಿಕ್ಕಿನ ಖುರ್ಚಿಗಳನ್ನು ಒಂದರ ಮೇಲೊಂದು ತಗಡಿನವರೆಗೆ ಪೇರಿಸಿದ್ದರು. ಗೋಡೆಗೆ ಸುಣ್ಣದ ಮೇಲೆ ಸುಣ್ಣ ಬಿದ್ದಿತ್ತು. ಆದರೂ ಹೆಗಲೆತ್ತರದ ಆ ಸಾಲು ಕೈಗೆ ಸಿಕ್ಕಿತು. ಕಿಟಕಿಯ ಕೆಳಗೆ ಹುಲಿಗೆವ್ವನ ಕಲ್ಲು, ಅವಳು ಬೆರಳಾಡಿಸಿದ ಗೀರು ಸುಣ್ಣದ ಅಡಿಯಲ್ಲಿಯೂ ಆಳವಾಗಿತ್ತು. ಬಾಗಿಲನ್ನು ಅಗಲ ಮಾಡುವಾಗ ಅದರ ಪಕ್ಕದ ಒಂದು ಕಲ್ಲನ್ನು ಯಾರೋ ಕಿತ್ತಿದ್ದರು. ಅಲ್ಲಿ ಬಗ್ಗಿ ಚೆನ್ನಾಗಿ ನೋಡಿಕೊಂಡೆ, ಕಿತ್ತ ಜಾಗ ಹೇಗಿರುತ್ತದೆ ಎಂದು. ಗಾರೆ ಹರಿದು ಹಲ್ಲುಹಲ್ಲಾಗಿತ್ತು, ಕಲ್ಲಿನ ಚಕ್ಕೆಗಳು ಅದಕ್ಕೆ ಅಂಟಿ ಉಳಿದಿದ್ದವು, ಅಂಚಿನ ಮೇಲೆಲ್ಲ ಉಳಿಯ ಪೆಟ್ಟು.

ಕಪಾಟು ಇರಲಿಲ್ಲ. ಅದರ ಕಾಲುಗಳ ತುಕ್ಕಿನ ಗುರುತು ನೆಲದ ಮೇಲಿತ್ತು. ಅದರ ನೇರಕ್ಕೆ ಖುರ್ಚಿಗಳ ಎರಡು ಕಂಬಗಳನ್ನು ಸರಿಸಿದೆ. ಗೋಡೆಯಲ್ಲಿ ಒಂದು ಗೂಡು, ಖಾಲಿ. ನಾನು ಕಂಡದ್ದೇ ನಿಜ, ಯಲ್ಲಪ್ಪ ಕಾಕಾ ಕಿತ್ತದ್ದು ಇಲ್ಲಿಂದಲೇ ಎಂದು ಒಂದು ಗಳಿಗೆ ಜೀವ ಹಗುರವಾಯಿತು. ಆಮೇಲೆ ಮೊಬೈಲಿನ ದೀಪ ಹಚ್ಚಿ ಒಳಗೆ ಕೈ ಹಾಕಿದೆ. ತಳ, ಮೇಲ್ಭಾಗ, ಎರಡು ಬದಿ, ಹಿಂದಿನ ಗೋಡೆ, ಎಲ್ಲ ಕಡೆ ಗಾರೆಯನ್ನು ಕರಣೆಯಿಂದ ನುಣ್ಣಗೆ ಎಳೆದಿತ್ತು. ಮೂಲೆಯಲ್ಲಿ ಕಟ್ಟಿದವನ ಬೆರಳಿನ ಗುರುತು ಒಣಗಿ ಹಾಗೇ ಇತ್ತು. ಚಕ್ಕೆ ಅಂಟಿರಲಿಲ್ಲ, ಉಳಿ ತಾಗಿರಲಿಲ್ಲ. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ. ಆ ಗೂಡಿನಲ್ಲಿ ಎಂದೂ ಕಲ್ಲು ಕೂತಿರಲಿಲ್ಲ.